ನಿಮಗಿದು ಗೊತ್ತೇ? ಇಟಲಿಯ ಅಡುಗೆ ನಮ್ಮ ಒಲೆಯ ಮೇಲೆ

2025ರ ಡಿಸೆಂಬರ್ 10ರಂದು ದೆಹಲಿಯ ಕೆಂಪುಕೋಟೆಯಲ್ಲಿ ಯುನೆಸ್ಕೊ ಸಮಿತಿಯ ಸಭೆ ನಡೆದಿತ್ತು. ನಮ್ಮ ದೀಪಾವಳಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ದು ಅಂದೇ. ಅದೇ ದಿನ, ಅದೇ ಸಭೆಯಲ್ಲಿ ಇಟಲಿಯ ಅಡುಗೆಯೂ ಆ ಪಟ್ಟಿಗೆ ಸೇರಿತು. ಗೌರವ ಸಿಕ್ಕಿದ್ದು ಯಾವುದೋ ಒಂದು ತಿನಿಸಿಗಲ್ಲ. ಮನೆಮಂದಿ ಕೂಡಿ ಬೇಯಿಸಿ, ಕೂಡಿ ಉಣ್ಣುವ ಇಡೀ ಪದ್ಧತಿಗೆ.

ಈ ಅಡುಗೆಗೆ ಕಟ್ಟುಪಾಡು ಬಹಳ. ಇದಕ್ಕೆ ಕೆನೆ ಹಾಕಬಾರದು, ಅದಕ್ಕೆ ಎಣ್ಣೆ ಬೇಡ, ಆ ಅಕ್ಕಿ ತೊಳೆಯಬಾರದು! ಮೊದಲು ಕೇಳಿದಾಗ ಬರೀ ಹಠ ಅನ್ನಿಸುತ್ತದೆ. ಆದರೆ ಒಂದೊಂದು ಕಟ್ಟುಪಾಡಿನ ಹಿಂದೆಯೂ ಒಂದು ಕಾರಣವಿದೆ. ಕಾರಣ ತಿಳಿದರೆ ಕೈ ತಾನಾಗಿ ಪಳಗುತ್ತದೆ. ಅಂಥ ಕೆಲವು ಸಂಗತಿಗಳು ಇಲ್ಲಿವೆ.

ಪಾಸ್ತಾ ಪಾತ್ರೆಯ ಸುತ್ತ

1. ಪಾಸ್ತಾವನ್ನು ಚೀನಾದಿಂದ ಇಟಲಿಗೆ ತಂದವನು ಮಾರ್ಕೊ ಪೋಲೊ ಎಂಬುದು ಬರೀ ಕಟ್ಟುಕಥೆ. ಅವನು ಊರಿಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮೊದಲೇ, 1154ರಲ್ಲಿ, ಅರಬ್ ಭೂಗೋಳಜ್ಞ ಅಲ್ ಇದ್ರೀಸಿ ಸಿಸಿಲಿಯ ತ್ರಾಬಿಯಾ ಎಂಬ ಊರಿನ ಬಗ್ಗೆ ಬರೆದಿದ್ದಾನೆ. ಅಲ್ಲಿ ಹಿಟ್ಟಿನ ಎಳೆಗಳನ್ನು ಮಾಡಿ, ಒಣಗಿಸಿ, ಹಡಗಿನಲ್ಲಿ ದೂರದೂರಿಗೆ ಕಳಿಸುತ್ತಿದ್ದರಂತೆ.

2. ಪಾಸ್ತಾದ ಹಲವು ಹೆಸರುಗಳು ಕಣ್ಣಿಗೆ ಕಂಡ ಆಕಾರದಿಂದ ಬಂದವು. ಸ್ಪಗೆಟಿ ಎಂದರೆ ಸಣ್ಣ ಹುರಿ, ಪೆನ್ನೆ ಎಂದರೆ ಗರಿಯ ಲೇಖನಿ, ಫರ್ಫಾಲೆ ಎಂದರೆ ಚಿಟ್ಟೆ, ಒರೆಕ್ಕಿಯೆತ್ತೆ ಎಂದರೆ ಪುಟ್ಟ ಕಿವಿ. ನಮ್ಮ ಶಾವಿಗೆ ಪ್ಯಾಕೆಟ್ ಮೇಲೆ ಅಚ್ಚಾಗಿರುವ ‘ವರ್ಮಿಸೆಲ್ಲಿ’ಯೂ ಇಟಾಲಿಯನ್ ಪದವೇ. ಅದರ ಅರ್ಥ ಪುಟ್ಟ ಹುಳುಗಳು.

3. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು. 1967ರಿಂದ ಅದು ಕಾನೂನು. ಈ ಗೋಧಿ ನಮಗೆ ಹೊಸದೇನಲ್ಲ. ಉಪ್ಪಿಟ್ಟಿಗೆ ಹುರಿಯುವ ಬನ್ಸಿ ರವೆ ಇದೇ ಜಾತಿಯದು. ಉಪ್ಪಿಟ್ಟು ಅಂಟಾಗದೆ ಉದುರುದುರಾಗುವುದಕ್ಕೂ ಪಾಸ್ತಾ ಬೆಂದ ಮೇಲೆ ಗಟ್ಟಿಯಾಗಿ ನಿಲ್ಲುವುದಕ್ಕೂ ಈ ಗೋಧಿಯ ಗಡಸುತನವೇ ಕಾರಣ. ಪ್ಯಾಕೆಟ್ ಕೊಳ್ಳುವಾಗ ‘ಡ್ಯೂರಮ್’ ಎಂದಿದೆಯೇ ನೋಡಿ. ಮೈದಾ ಬೆರೆತದ್ದು ನೀರಿನಲ್ಲಿ ಬೇಗ ಮೆತ್ತಗಾಗುತ್ತದೆ.

4. ಮಧ್ಯ ಇಟಲಿಯ ಹಳ್ಳಿಗಳಲ್ಲಿ ‘ಫಾರ್ರೊ’ ಎಂಬ ಹಳೆಯ ಗೋಧಿಯಿಂದ ಸೂಪು ಮಾಡುತ್ತಾರೆ. ಉತ್ತರ ಕರ್ನಾಟಕದ ಜವೆ ಗೋಧಿ, ಮಾರುಕಟ್ಟೆಯಲ್ಲಿ ಖಪ್ಲಿ ಎಂದು ಸಿಗುವುದು, ಇದರದೇ ಕುಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಗೋಧಿಯ ಸುಧಾರಿತ ತಳಿಗಳನ್ನು ಬಿಡುಗಡೆ ಮಾಡಿದೆ. ಫಾರ್ರೊ ಸೂಪಿಗೆ ಜವೆ ಗೋಧಿಯನ್ನು ಧೈರ್ಯವಾಗಿ ಹಾಕಬಹುದು.

5. ಇಟಲಿಯ ಮನೆಗಳಲ್ಲಿ ಪಾಸ್ತಾದ ಲೆಕ್ಕ ನೆನಪಿಡಲು ಮೂರೇ ಅಂಕಿ: 1, 10, 100. ಒಂದು ಲೀಟರ್ ನೀರು, 10 ಗ್ರಾಂ ಉಪ್ಪು, 100 ಗ್ರಾಂ ಪಾಸ್ತಾ. ಒಬ್ಬರಿಗೆ 80ರಿಂದ 100 ಗ್ರಾಂ ಸಾಕು. ಪಾಸ್ತಾ ಬೇಯುವಾಗ ಉಪ್ಪು ಒಳಗಿಳಿಯುತ್ತದೆ. ಬೆಂದ ಮೇಲೆ ಉದುರಿಸಿದ ಉಪ್ಪು ಬರೀ ಮೈಮೇಲೆ ನಿಲ್ಲುತ್ತದೆ.

6. ಎಳೆಗಳು ಅಂಟದಿರಲಿ ಎಂದು ನೀರಿಗೆ ಎಣ್ಣೆ ಸುರಿಯುವುದು ವ್ಯರ್ಥ. ಎಣ್ಣೆ ಮೇಲೆಯೇ ತೇಲುತ್ತದೆ. ಬಸಿಯುವಾಗ ಪಾಸ್ತಾಗೆ ಮೆತ್ತಿಕೊಂಡು, ಸಾಸ್ ಹಿಡಿಯದಂತೆ ಜಾರಿಸುತ್ತದೆ. ಅಂಟದಿರಲು ಬೇಕಾದ್ದು ಮರಳುವ ನೀರು ಮತ್ತು ಮೊದಲ ಎರಡು ನಿಮಿಷದ ಕೈಯಾಡಿಸುವಿಕೆ.

7. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಮೊದಲು. ಹಾಗಾಗಿ ಪ್ಯಾಕೆಟ್ ಹೇಳಿದ್ದಕ್ಕಿಂತ ಒಂದೆರಡು ನಿಮಿಷ ಹೆಚ್ಚು ಬೇಕಾದೀತು. ಮಂಗಳೂರಿನಲ್ಲಿ ಬೇಡ. ಗಡಿಯಾರಕ್ಕಿಂತ ನಾಲಿಗೆಯೇ ನಂಬಿಕಸ್ಥ.

8. ‘ಅಲ್ ದೆಂತೆ’ ಎಂದರೆ ‘ಹಲ್ಲಿಗೆ ಸಿಗುವಂತೆ’. ಒಂದು ಎಳೆ ತೆಗೆದು ಕಚ್ಚಿ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿದ್ದರೆ ಅದೇ ಹದ. ಹೀಗೆ ಬೆಂದ ಪಾಸ್ತಾದ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ. ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ.

9. ಪಾಸ್ತಾ ಬೆಂದ ನೀರನ್ನು ಪೂರ್ತಿ ಚೆಲ್ಲಬೇಡಿ, ಒಂದು ಲೋಟ ಎತ್ತಿಡಿ. ಪಿಷ್ಟ ಕರಗಿದ ಆ ಮಬ್ಬು ನೀರಿನಲ್ಲೇ ಗುಟ್ಟಿರುವುದು. ಬಾಣಲೆಯಲ್ಲಿ ಸಾಸ್ ಬಿಸಿಯಾಗಿರುವಾಗ ಅರೆಬೆಂದ ಪಾಸ್ತಾ ಹಾಕಿ, ಅರ್ಧ ಸೌಟು ಈ ನೀರು ಬಿಟ್ಟು, ಬಾಣಲೆಯನ್ನು ಮುಂದಕ್ಕೂ ಹಿಂದಕ್ಕೂ ಜಾಡಿಸಿ. ಮೊದಲು ಎಣ್ಣೆ ಬೇರೆ, ನೀರು ಬೇರೆಯಾಗಿ ಚಟಪಟ ಸದ್ದು. ಅರ್ಧ ನಿಮಿಷ ಕಳೆದರೆ ಸದ್ದು ತಗ್ಗಿ ಎರಡೂ ಒಂದಾಗುತ್ತವೆ, ಎಳೆಗಳಿಗೆ ತೆಳ್ಳಗೆ ಹೊಳಪು ಕೂರುತ್ತದೆ. ತಟ್ಟೆಯ ತಳದಲ್ಲಿ ನೀರು ನಿಲ್ಲದ ಪಾಸ್ತಾ ಬರುವುದು ಹೀಗೆ.

10. ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಊರಿನ ಪಾಸ್ತಾ ಮೈ ಒರಟು. ಹಿಟ್ಟನ್ನು ಕಂಚಿನ ಅಚ್ಚಿನಿಂದ ಒತ್ತಿ ತೆಗೆದು ನಿಧಾನವಾಗಿ ಒಣಗಿಸುತ್ತಾರೆ. ಆ ಒರಟು ಮೈಗೆ ಸಾಸ್ ಚೆನ್ನಾಗಿ ಹಿಡಿಯುತ್ತದೆ. ನಯವಾಗಿ ಹೊಳೆಯುವ ಪಾಸ್ತಾ ನೋಟಕ್ಕೆ ಮಾತ್ರ ಚೆಂದ.

11. ಪಾಸ್ತಾಗೆ ಸ್ವಂತ ದೇಶದಲ್ಲೇ ವಿರೋಧಿಗಳಿದ್ದರು. ಕವಿ ಮರಿನೆಟ್ಟಿ 1930ರಲ್ಲಿ ಪ್ರಣಾಳಿಕೆ ಹೊರಡಿಸಿ, ಪಾಸ್ತಾ ತಿಂದು ಜನ ಮಂಕಾಗಿದ್ದಾರೆ, ಅದನ್ನು ಬಿಡಬೇಕು ಎಂದು ಕರೆ ಕೊಟ್ಟರು. ಇಟಲಿಯ ಮನೆಗಳು ಕಿವಿಗೊಡಲಿಲ್ಲ.

ಸಾಸಿನ ಸಮಾಚಾರ

12. ಟೊಮೆಟೊ ಇಲ್ಲದೆ ಇಟಲಿಯ ಅಡುಗೆಯೇ ಇಲ್ಲ ಎಂದುಕೊಳ್ಳುತ್ತೇವೆ. ಆದರೆ ಟೊಮೆಟೊ ಅಮೆರಿಕ ಖಂಡದ ಬೆಳೆ. ಇಟಲಿಗೆ ಬಂದದ್ದು 16ನೇ ಶತಮಾನದಲ್ಲಿ. ಅಲ್ಲಿನವರು ಇಟ್ಟ ಹೆಸರು ‘ಪೊಮೊದೊರೊ’, ಅಂದರೆ ಚಿನ್ನದ ಸೇಬು. ನಮ್ಮ ಸಾರಿಗೂ ಅವರ ಸಾಸಿಗೂ ಹುಳಿ ಕೊಡುವ ಈ ಹಣ್ಣು ಇಬ್ಬರಿಗೂ ಪರದೇಶದ್ದು.

13. ಇಟಲಿಯಲ್ಲಿ ಅಚ್ಚಾದ ಮೊದಮೊದಲ ಟೊಮೆಟೊ ಸಾಸಿನ ವಿಧಾನ 1690ರ ದಶಕದ್ದು. ಬರೆದವನು ನೇಪಲ್ಸ್‌ನ ಅಂತೋನಿಯೊ ಲತೀನಿ. ಟೊಮೆಟೊ ಕೆಂಡದ ಮೇಲೆ ಸುಡಿ, ಸಿಪ್ಪೆ ತೆಗೆಯಿರಿ, ಈರುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆ, ವಿನೆಗರ್ ಸೇರಿಸಿ ಎನ್ನುತ್ತಾನೆ. ಓದಿದರೆ ನಮ್ಮ ಸುಟ್ಟ ಟೊಮೆಟೊ ಗೊಜ್ಜಿನ ನೆನಪಾಗುತ್ತದೆ. ಅದನ್ನು ಪಾಸ್ತಾಗೆ ಹಾಕುವ ಪದ್ಧತಿ ಪುಸ್ತಕಕ್ಕೆ ಬರಲು ಇನ್ನೂ ಬಹುಕಾಲ ಹಿಡಿಯಿತು.

14. ನಮಗೆ ಒಗ್ಗರಣೆ ಹೇಗೋ ಅವರಿಗೆ ‘ಸೊಫ್ರಿತ್ತೊ’ ಹಾಗೆ. ಈರುಳ್ಳಿ, ಗಜ್ಜರಿ, ಸೆಲರಿ ಮೂರನ್ನೂ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸುವುದು. ವ್ಯತ್ಯಾಸ ಉರಿಯಲ್ಲಿದೆ. ನಮ್ಮ ಸಾಸಿವೆ ಕಾದ ಎಣ್ಣೆಯಲ್ಲಿ ಕ್ಷಣದಲ್ಲಿ ಸಿಡಿಯಬೇಕು. ಅವರ ತರಕಾರಿ ಸಣ್ಣ ಉರಿಯಲ್ಲಿ, ಬಣ್ಣ ಕಂದಾಗದಂತೆ, 15 ನಿಮಿಷವಾದರೂ ಬೆವರಬೇಕು. ಆಗಲೇ ಸಿಹಿ ಬಿಡುವುದು.

15. ಬೊಲೊನ್ಯ ಊರಿನ ಮಾಂಸದ ಸಾಸ್ ‘ರಗೂ’ವಿನ ಅಧಿಕೃತ ಪಾಕವನ್ನು 1982ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದರು. 2023ರಲ್ಲಿ ಅದನ್ನು ಪರಿಷ್ಕರಿಸಿದರು. ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಕುದಿಯಬೇಕಾದ ಸಾಸ್ ಅದು. ‘ಸ್ಪಗೆಟಿ ಬೊಲೊನೀಸ್’ ಮಾತ್ರ ಆ ಊರಿನ ಸಂಪ್ರದಾಯವಲ್ಲ. ಅಲ್ಲಿ ರಗೂವಿಗೆ ಜೋಡಿ ಮೊಟ್ಟೆ ಹಾಕಿ ಕಲಸಿದ ಅಗಲ ಪಟ್ಟಿಯ ತಾಲ್ಯಾತೆಲ್ಲೆ.

16. ಆ ತಾಲ್ಯಾತೆಲ್ಲೆಯ ಅಗಲಕ್ಕೂ ದಾಖಲೆ ಇದೆ. ಬೆಂದ ಮೇಲೆ 8 ಮಿಲಿಮೀಟರ್. ಅದರ ಚಿನ್ನದ ಮಾದರಿಯನ್ನು 1972ರಲ್ಲಿ ಮಾಡಿಸಿ ಬೊಲೊನ್ಯದ ವಾಣಿಜ್ಯ ಮಂಡಳಿಯಲ್ಲಿ ಇಟ್ಟಿದ್ದಾರೆ.

17. ‘ವೈಟ್ ಸಾಸ್’ ಎಂದು ನಾವು ಗುರುತಿಸುವ ಆಲ್ಫ್ರೆಡೊ ಪಾಸ್ತಾದ ಮೂಲದಲ್ಲಿ ಹಾಲೂ ಇಲ್ಲ, ಮೈದಾವೂ ಇಲ್ಲ, ಕೆನೆಯೂ ಇಲ್ಲ. ರೋಮ್‌ನ ಆಲ್ಫ್ರೆಡೊ ದಿ ಲೇಲಿಯೊ ಬಾಣಂತಿ ಹೆಂಡತಿಗೆಂದು ಮಾಡಿದ ತಿನಿಸು ಅದು ಎಂದು ಅವರ ಮನೆತನ ಹೇಳುತ್ತದೆ. ಪಾಸ್ತಾ, ಬೆಣ್ಣೆ, ಪಾರ್ಮಿಜಾನೊ ಚೀಸ್, ಪಾಸ್ತಾ ಬೆಂದ ನೀರು, ಇಷ್ಟೇ. ಚೆನ್ನಾಗಿ ಜಾಡಿಸಿದರೆ ಕೆನೆ ಹಾಕಿದಂತೆಯೇ ಬರುತ್ತದೆ.

18. ಕಾರ್ಬೊನಾರಾ ಪ್ರಾಚೀನ ರೋಮ್‌ನದಲ್ಲ. ಅದರ ಹೆಸರು ದಾಖಲೆಗೆ ಸಿಗುವುದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಇಂದಿನ ರೋಮ್‌ನ ಕ್ರಮದಲ್ಲಿ ಮೊಟ್ಟೆ, ಉಪ್ಪು ಹಾಕಿ ಹದಮಾಡಿದ ಹಂದಿಯ ಕೆನ್ನೆಮಾಂಸ, ಕುರಿಹಾಲಿನ ಪೆಕೊರಿನೊ ಚೀಸ್, ಕಾಳುಮೆಣಸು ಮಾತ್ರ. ಮೊಟ್ಟೆ ಹಾಕುವ ಮೊದಲು ಒಲೆ ಆರಿಸಿ. ಹಳದಿ ಭಾಗ 65 ಡಿಗ್ರಿಯ ಸುಮಾರಿಗೆ ಗಟ್ಟಿಯಾಗತೊಡಗುತ್ತದೆ. ಉರಿ ಇದ್ದರೆ ಸಾಸ್ ಹೋಗಿ ಮೊಟ್ಟೆ ಪಲ್ಯವಾಗುತ್ತದೆ.

19. ‘ಕಾಚೊ ಎ ಪೆಪೆ’ ಎಂದರೆ ಚೀಸ್ ಮತ್ತು ಮೆಣಸು. ಪಾಸ್ತಾ ಬಿಟ್ಟರೆ ಎರಡೇ ಸಾಮಾನು. ಆದರೂ ಚೀಸ್ ಗಂಟುಕಟ್ಟಿ ಕೆಡುವುದೇ ಹೆಚ್ಚು. ಇಟಲಿಯ ಭೌತವಿಜ್ಞಾನಿಗಳು ಇದರ ಬೆನ್ನುಹತ್ತಿ, ಚೀಸಿನ ತೂಕದ ಶೇ 2ರಿಂದ 3ರಷ್ಟು ಪಿಷ್ಟ ಇದ್ದರೆ ಗಂಟಾಗದು ಎಂದು ಕಂಡುಕೊಂಡರು. 2025ರಲ್ಲಿ ಅವರಿಗೆ, ವಿನೋದದ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಬಂತು. ಮನೆಯಲ್ಲಿ ಹೀಗೆ ಮಾಡಿ: 160 ಗ್ರಾಂ ಚೀಸಿಗೆ 4 ಗ್ರಾಂ ಕಾರ್ನ್‌ಫ್ಲೋರ್. ಅದನ್ನು ಸ್ವಲ್ಪ ನೀರಲ್ಲಿ ಕಾಯಿಸಿ, ಗಂಜಿಯಾಗಿಸಿ, ಆರಿದ ಮೇಲೆ ಚೀಸಿಗೆ ಬೆರೆಸಿ.

20. ಆ ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಎರಡು ಸಾವಿರ ವರ್ಷದ ಹಿಂದೆಯೇ ರೋಮನ್ನರ ಹಡಗುಗಳು ಮಲಬಾರ್ ತೀರಕ್ಕೆ ಬಂದು ಮೆಣಸು ತುಂಬಿಕೊಂಡು ಹೋಗುತ್ತಿದ್ದವು. ರೋಮ್‌ನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೆ ಬಂದದ್ದು ಇದೇ ಮೆಣಸಿನ ಸೀಮೆಯನ್ನು ದಾಟಿ. ಕೊಡಗಿನ ಅಥವಾ ಮಲೆನಾಡಿನ ಮೆಣಸನ್ನು ಬರೀ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ತರಿತರಿಯಾಗಿ ಕುಟ್ಟಿ ಹಾಕಿ. ಈ ತಿನಿಸಿನ ಜೀವವೇ ಅದು.

21. ಜೆನೊವಾದ ಹಸಿರು ಸಾಸ್ ಪೆಸ್ಟೊಗೆ ಆ ಹೆಸರು ಬಂದದ್ದು ‘ಕುಟ್ಟು’ ಎಂಬ ಅರ್ಥದ ಪದದಿಂದ. ಅಲ್ಲಿ 2007ರಿಂದ ಪೆಸ್ಟೊ ಕುಟ್ಟುವ ವಿಶ್ವ ಸ್ಪರ್ಧೆಯೇ ನಡೆಯುತ್ತಿದೆ. ಅಮೃತಶಿಲೆಯ ಒರಳು, ಮರದ ಒನಕೆ ಬಿಟ್ಟು ಬೇರೇನೂ ಬಳಸುವಂತಿಲ್ಲ.

22. ಪೆಸ್ಟೊ ಎಲೆ ಬೇಸಿಲ್ ಬೇರೆ ಯಾವುದೂ ಅಲ್ಲ, ನಮ್ಮ ಕಾಮಕಸ್ತೂರಿಯ ಜಾತಿ. ಪೂಜೆಯ ತುಳಸಿ ಅದರ ದಾಯಾದಿ ಅಷ್ಟೆ. ಜೆನೊವಾದ ತಳಿಯ ಪರಿಮಳ ಸೌಮ್ಯ, ನಮ್ಮ ಹಿತ್ತಲಿನದು ಕೊಂಚ ತೀಕ್ಷ್ಣ. ಎಳೆಯ ಎಲೆಗಳನ್ನೇ ಆರಿಸಿ, ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿಕೊಳ್ಳಿ. ಕಲ್ಲಿನ ಕುಟ್ಟಾಣಿಯಲ್ಲಿ ಮೊದಲು ಬೆಳ್ಳುಳ್ಳಿ ಮತ್ತು ಹರಳುಪ್ಪು ನುಣ್ಣಗಾಗಲಿ. ನಂತರ ಚಿಲಗೋಜ, ಸಿಗದಿದ್ದರೆ ಗೋಡಂಬಿ. ಎಲೆ ಹಾಕಿದ ಮೇಲೆ ಗುದ್ದಬೇಡಿ, ಗುಂಡನ್ನು ಗೋಡೆಗೆ ಒತ್ತಿ ತಿರುವಿ. ಹರಳುಪ್ಪು ಎಲೆಯನ್ನು ಹರಿಯುತ್ತದೆ, ಹಸಿರು ರಸ ಬಿಡುತ್ತದೆ. ಕೊನೆಗೆ ಚೀಸ್, ಆಲಿವ್ ಎಣ್ಣೆ. ಮಿಕ್ಸಿಯ ಬ್ಲೇಡು ಬಿಸಿಯಾಗಿ ಎಲೆ ಕಪ್ಪಾಗುತ್ತದೆ. ಮಿಕ್ಸಿಯೇ ಗತಿಯಾದರೆ ಜಾರನ್ನು ಫ್ರಿಜ್‌ನಲ್ಲಿಟ್ಟು ತಣಿಸಿ, ಬಿಟ್ಟು ಬಿಟ್ಟು ತಿರುಗಿಸಿ.

23. ಪೆಸ್ಟೊವನ್ನು ಒಲೆಯ ಮೇಲೆ ಇಡಲೇಬಾರದು. ಜೆನೊವಾದವರು ಪಾಸ್ತಾ ಬೇಯುವ ಪಾತ್ರೆಯಲ್ಲೇ ಆಲೂಗಡ್ಡೆ, ಹುರುಳಿಕಾಯಿ ಬೇಯಿಸಿ, ಎಲ್ಲವನ್ನೂ ಪೆಸ್ಟೊದಲ್ಲಿ ಕಲಸುತ್ತಾರೆ. ಅಷ್ಟು ಬಿಸಿಯೇ ಸಾಕು.

ಅನ್ನ, ಮುದ್ದೆ, ರೊಟ್ಟಿ

24. ಐರೋಪ್ಯ ಒಕ್ಕೂಟ ಬೆಳೆಯುವ ಭತ್ತದಲ್ಲಿ ಸುಮಾರು ಅರ್ಧ ಇಟಲಿಯದು. ಪೊ ನದಿಯ ಬಯಲು ಅದರ ಕಣಜ. ರಿಸೊಟ್ಟೊ ಎಂಬ ಅನ್ನದ ತಿನಿಸಿಗೆ ಬಳಸುವ ಕಾರ್ನರೋಲಿ ಅಕ್ಕಿ 1945ರ ತಳಿ. ಅಕ್ಕಿ ಎರಡು ಮೂರು ಸಲ ತೊಳೆಯುವುದು ನಮ್ಮ ರೂಢಿ. ಇಲ್ಲಿ ಮಾತ್ರ ಕೈ ತಡೆಯಿರಿ. ತೊಳೆದರೆ ಮೈಮೇಲಿನ ಪಿಷ್ಟ ಹೋಗುತ್ತದೆ, ರಿಸೊಟ್ಟೊಗೆ ಕೆನೆಯಂಥ ಹದ ಕೊಡುವುದೇ ಅದು.

25. ಬೆಂದ ರಿಸೊಟ್ಟೊವನ್ನು ಕೆಳಗಿಳಿಸಿ, ತಣ್ಣನೆಯ ಬೆಣ್ಣೆ ಮತ್ತು ಚೀಸ್ ಹಾಕಿ ಜೋರಾಗಿ ತಿರುವುತ್ತಾರೆ. ತಟ್ಟೆ ಓರೆ ಮಾಡಿದರೆ ಅಲೆಯಂತೆ ಸರಿಯಬೇಕು. ಗುಡ್ಡೆಯಾಗಿ ನಿಂತರೆ ನೀರು ಸಾಲದಾಗಿದೆ. ಮಿಲಾನ್‌ನವರು ಇದಕ್ಕೆ ಕೇಸರಿ ಹಾಕುತ್ತಾರೆ, ಅದು ಆ ಊರಿನ ಗುರುತು.

26. ಉತ್ತರ ಇಟಲಿಯ ‘ಪೊಲೆಂತಾ’ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ತಾಮ್ರದ ಪಾತ್ರೆ, ಮರದ ಕೋಲು, ಮುಕ್ಕಾಲು ತಾಸಿನ ತಿರುವು. ಮೆಕ್ಕೆಜೋಳ ಅಮೆರಿಕದಿಂದ ಬರುವ ಮೊದಲು ಸಿರಿಧಾನ್ಯದ ಹಿಟ್ಟಿನಿಂದಲೂ ಮಾಡುತ್ತಿದ್ದರು.

27. ಅದೇ ಪೊಲೆಂತಾ ಹಿಂದೆ ಬಡವರನ್ನು ಕಾಯಿಲೆಗೂ ದೂಡಿತ್ತು. 18 ಮತ್ತು 19ನೇ ಶತಮಾನಗಳಲ್ಲಿ ಬೇರೇನೂ ಸಿಗದೆ ಪೊಲೆಂತಾ ಒಂದನ್ನೇ ತಿಂದವರಿಗೆ ಪೆಲಾಗ್ರಾ ರೋಗ ಬಂತು. ಚರ್ಮ ಸುಲಿಯಿತು, ಬುದ್ಧಿ ಭ್ರಮಿಸಿತು, ಬಹಳ ಜನ ಸತ್ತರು. ಮೆಕ್ಸಿಕೊದ ಜನ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು. ಅದರಿಂದ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ಸಿಗುತ್ತಿತ್ತು. ಬೀಜ ಸಮುದ್ರ ದಾಟಿತು, ಬೇಯಿಸುವ ಜ್ಞಾನ ದಾಟಲಿಲ್ಲ.

28. ಟಸ್ಕನಿಯ ‘ರಿಬೊಲ್ಲಿತಾ’ ಎಂದರೆ ಮತ್ತೆ ಕುದಿಸಿದ್ದು. ನಿನ್ನೆಯ ತರಕಾರಿ ಸೂಪಿಗೆ ಒಣಗಿದ ಬ್ರೆಡ್ ಹಾಕಿ ಕುದಿಸುವ ಬಡವರ ಊಟ. ದಕ್ಷಿಣದಲ್ಲಿ ಚೀಸ್ ಕೊಳ್ಳಲಾಗದವರು ಬ್ರೆಡ್ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾ ಮೇಲೆ ಉದುರಿಸುತ್ತಿದ್ದರು. ಇಂದಿಗೂ ಅದು ಕುರುಕುರು ರುಚಿ.

29. ನೇಪಲ್ಸ್‌ನ ಪಿಜ್ಜಾ ಕಲೆ 2017ರಲ್ಲೇ ಯುನೆಸ್ಕೊ ಪಟ್ಟಿ ಸೇರಿತ್ತು. ಕಣಕಕ್ಕೆ ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟು ಬೇರೇನಿಲ್ಲ. ಕಟ್ಟಿಗೆ ಒಲೆಯ 485 ಡಿಗ್ರಿ ಕಾವಿನಲ್ಲಿ 60ರಿಂದ 90 ಸೆಕೆಂಡಿಗೆ ಬೇಯುತ್ತದೆ. ಮಾರ್ಗೆರೀತಾ ಪಿಜ್ಜಾ 1889ರಲ್ಲಿ ರಾಣಿ ಮಾರ್ಗೆರೀತಾಗಾಗಿ ಹುಟ್ಟಿತು ಎಂಬ ಕಥೆ ಪ್ರಸಿದ್ಧವಾದರೂ ಇತಿಹಾಸಕಾರರಿಗೆ ಅದರ ಬಗ್ಗೆ ಸಂಶಯವಿದೆ.

30. ನಮ್ಮ ಮನೆಯ ಓವನ್ 250 ಡಿಗ್ರಿ ದಾಟುವುದು ಕಷ್ಟ. ಅದಕ್ಕೆ ದಪ್ಪ ಕಬ್ಬಿಣದ ಕಾವಲಿಯೇ ಪರಿಹಾರ. ಹೊಗೆಯಾಡುವಷ್ಟು ಕಾಯಿಸಿ, ಪಿಜ್ಜಾ ಹಾಕಿ, ತಳ ಕೆಂಪಾದೊಡನೆ ಕಾವಲಿ ಸಮೇತ ಓವನ್ನಿನ ಗ್ರಿಲ್ ಕೆಳಗೆ ಇಡಿ.

ಹಾಲು, ಚೀಸ್, ಕಾಫಿ

31. ಒಂದು ಪಾರ್ಮಿಜಾನೊ ರೆಜಾನೊ ಚಕ್ರಕ್ಕೆ ಸುಮಾರು 550 ಲೀಟರ್ ಹಾಲು ಬೇಕು. ತೂಕ 40 ಕಿಲೊ ಆಸುಪಾಸು, ಮಾಗಲು ಕನಿಷ್ಠ 12 ತಿಂಗಳು. ಎಮಿಲಿಯಾ ಪ್ರಾಂತ್ಯದ ಒಂದು ಬ್ಯಾಂಕು ಈ ಚಕ್ರಗಳನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತದೆ.

32. ಸಸ್ಯಾಹಾರಿಗಳು ಇದನ್ನು ತಿಳಿದಿರಲೇಬೇಕು: ಅಸಲಿ ಪಾರ್ಮಿಜಾನೊಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್‌ನಿಂದ. ಬೇಡವೆನ್ನುವವರಿಗೆ ಸೂಕ್ಷ್ಮಜೀವಿ ಮೂಲದ ರೆನ್ನೆಟ್‌ನ ಗಟ್ಟಿ ಚೀಸ್ ಸಿಗುತ್ತದೆ. ಪ್ಯಾಕೆಟ್ ಮೇಲಿನ ಹಸಿರು ಗುರುತು ನೋಡಿ ಕೊಳ್ಳಿ.

33. ಕಂಪಾನಿಯಾದ ಅಸಲಿ ಮೊಟ್ಸರೆಲ್ಲಾ ಎಮ್ಮೆ ಹಾಲಿನದು. ಬಿಸಿ ಚೀಸನ್ನು ಎಳೆದು, ಬೆರಳಲ್ಲಿ ಹಿಸುಕಿ ಕತ್ತರಿಸುವುದರಿಂದ ‘ತುಂಡರಿಸು’ ಎಂಬ ಅರ್ಥದ ಆ ಹೆಸರು.

34. ರಿಕೊಟ್ಟಾ ಎಂದರೆ ಮತ್ತೆ ಬೇಯಿಸಿದ್ದು. ಚೀಸ್ ತೆಗೆದುಳಿದ ನೀರನ್ನೇ ಕಾಯಿಸಿ ಮಾಡುವುದು. ಆದರೆ ಪನೀರ್ ಬಸಿದ ನೀರಿನಿಂದ ಅದು ಬರದು. ಪನೀರಿಗೆ ಹಾಲು ಕುದಿಸುವಾಗಲೇ ಆ ನೀರಿನ ಪ್ರೋಟೀನ್ ಪನೀರಿಗೆ ಸೇರಿಹೋಗಿರುತ್ತದೆ.

35. ತಿರಮಿಸು ಎಂದರೆ ‘ನನ್ನನ್ನು ಮೇಲೆತ್ತು’. ಟ್ರೆವಿಸೊ ಊರಿನ ಒಂದು ಹೋಟೆಲಿನಲ್ಲಿ 1970ರ ಸುಮಾರಿಗೆ ರೂಪುಗೊಂಡಿತು ಎಂಬುದು ಹೆಚ್ಚಿನವರ ನಂಬಿಕೆ. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ತಕ್ಷಣ ಎತ್ತಬೇಕು, ಎರಡೆಣಿಸಿದರೆ ಹೆಚ್ಚು. ಮೂಲ ಪಾಕದಲ್ಲಿ ಹಸಿ ಮೊಟ್ಟೆ ಇರುವುದರಿಂದ ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ.

36. ಭಾರತದ ಕಾಫಿಯನ್ನು ವರ್ಷಗಳಿಂದ ಅತಿ ಹೆಚ್ಚು ಕೊಳ್ಳುತ್ತಿರುವ ದೇಶ ಇಟಲಿ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಎಸ್ಪ್ರೆಸೊ ಮೇಲಿನ ಕಂದು ನೊರೆಗೆ ಮೈಕಟ್ಟು ಕೊಡುವುದು ರೊಬಸ್ಟಾ. ಚಿಕ್ಕಮಗಳೂರು, ಕೊಡಗಿನ ತೋಟಗಳಿಗೂ ಇಟಲಿಯ ಬೆಳಗಿಗೂ ಹೀಗೆ ನಂಟು.

ಕೊನೆಯದಾಗಿ

37. ಇಟಲಿಯ ಮನೆಯಡುಗೆಗೆ ಒಂದು ಪುಸ್ತಕ ಕೊಟ್ಟವರು ಬಾಣಸಿಗರಲ್ಲ, ಪೆಲೆಗ್ರೀನೊ ಅರ್ತೂಸಿ ಎಂಬ ವ್ಯಾಪಾರಿ. ಪ್ರಕಾಶಕರು ಕೈಬಿಟ್ಟಾಗ 70 ದಾಟಿದ ಅವರು 1891ರಲ್ಲಿ ಸ್ವಂತ ಖರ್ಚಿನಲ್ಲಿ 1000 ಪ್ರತಿ ಅಚ್ಚು ಹಾಕಿಸಿದರು. ಆಗ ಅದರಲ್ಲಿದ್ದ ಪಾಕ 475. ಓದಿದ ಮನೆಗಳಿಂದ ಕಾಗದಗಳು ಬಂದವು, ಅರ್ತೂಸಿ ಮನೆಯಲ್ಲಿ ಮಾಡಿಸಿ ನೋಡಿದರು, ಕೊನೆಗೆ ಪಾಕಗಳ ಸಂಖ್ಯೆ 790 ಮುಟ್ಟಿತು. ಪುಸ್ತಕದ ಹಕ್ಕನ್ನು ತಮ್ಮ ಮನೆಯ ಅಡುಗೆಯವರಿಗೇ ಬರೆದಿಟ್ಟರು. ಆ ಪುಸ್ತಕ ಇಂದಿಗೂ ಅಚ್ಚಿನಲ್ಲಿದೆ.

ಓದಿದ್ದನ್ನು ಒಲೆಯ ಮೇಲೆ ನೋಡಬೇಕೆಂದರೆ ‘ಆಲ್ಯೊ ಎ ಓಲ್ಯೊ’ದಿಂದ ಶುರು ಮಾಡಿ. ಸ್ಪಗೆಟಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ, ಉಪ್ಪು, ಐದೇ ಸಾಮಾನು. ಚೀಸ್ ಬೇಡ. ತಣ್ಣನೆಯ ಎಣ್ಣೆಗೇ ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಸಣ್ಣ ಉರಿ ಇಡಿ. ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗಿದೊಡನೆ ಪಾಸ್ತಾ ನೀರು ಬಿಟ್ಟು ತಡೆಯಿರಿ, ಕಂದಾದರೆ ಕಹಿ. ಪಾಸ್ತಾ ಹಾಕಿ ಜಾಡಿಸಿ. ಎಲ್ಲರೂ ಮೊದಲೇ ಎಲೆಯ ಮುಂದೆ ಕೂತಿರಲಿ. ಪಾಸ್ತಾ ನಮಗಾಗಿ ಕಾಯುವುದಿಲ್ಲ, ನಾವೇ ಅದಕ್ಕಾಗಿ ಕಾಯಬೇಕು.